ಎರೆಭೂತ ಮತ್ತು ತಣಮೋರ: ಎರೆನಾಡಿನ ಎರಡು ನೆಲವಾಸಿ ಪಕ್ಷಿಗಳ ಇತಿಹಾಸ

೧. ಪೀಠಿಕೆ

ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯು ಎರಡು ಬಗೆಯ ನೆಲಗಳು ಕೂಡುವ ಸೀಮೆಯಲ್ಲಿರುವ ಊರು. ಅಲ್ಲಿಂದ ಪಡುವಣಕ್ಕೆ ಸಾಗಿದಂತೆ ಮಳೆ ಹೆಚ್ಚುತ್ತದೆ. ಹಾನಗಲ್ಲ ನಾಡಿನ ಕೆರೆಗಳೂ ಭತ್ತದ ಗದ್ದೆಗಳೂ ಕಾಡಿನ ಅಂಚೂ ಕಾಣತೊಡಗುತ್ತವೆ. ಮೂಡಣಕ್ಕೆ ಸವಣೂರಿನ ಕಡೆಗೆ ಹೊರಟರೆ ಮಳೆ ತಗ್ಗುತ್ತದೆ. ಮಸಾರಿ ಹಿಂದೆ ಬಿದ್ದು ಎರೆಮಣ್ಣು ಹರಡಿಕೊಳ್ಳುತ್ತದೆ. ಮರಗಳು ವಿರಳವಾಗಿ, ದೃಷ್ಟಿ ದೂರದವರೆಗೆ ಓಡುತ್ತದೆ. ಜನರು ಮೊದಲನೆಯದನ್ನು ಮಲ್ಲಾಡವೆಂದೂ ಎರಡನೆಯದನ್ನು ಬೆಳವಲವೆಂದೂ ಕರೆಯುತ್ತ ಬಂದಿದ್ದಾರೆ.

ಈ ಸೀಮೆಯನ್ನಾಳಿದವರ ಚರಿತ್ರೆ ಸಾಕಷ್ಟು ಬರೆಯಲ್ಪಟ್ಟಿದೆ. ಹಾನಗಲ್ಲಿನ ಕದಂಬರ ಶಾಸನಗಳನ್ನೂ ಸವಣೂರಿನ ನವಾಬರ ವೃತ್ತಾಂತವನ್ನೂ ನಮ್ಮ ವಿದ್ವಾಂಸರು ಪರಿಶೀಲಿಸಿದ್ದಾರೆ. ಆದರೆ ಉಳುವ ಹೊಲಕ್ಕೂ ಕಾಡಿಗೂ ನಡುವೆ ಹರಡಿದ್ದ ಹುಲ್ಲಿನ ಬಯಲಿಗೆ ಚರಿತ್ರೆಕಾರರು ದೊರೆತಿಲ್ಲ. ಅದಕ್ಕೆ ಶಾಸನವಿಲ್ಲ, ಕಂದಾಯದ ಲೆಕ್ಕದಲ್ಲಿ ಅದು ಬಹುಮಟ್ಟಿಗೆ ‘ಬೀಳು’ ಎಂಬ ಒಂದು ಶಬ್ದದಲ್ಲಿ ಮುಗಿದುಹೋಗುತ್ತದೆ. ಆದುದರಿಂದ ಆ ಬಯಲಿನ ಇತಿಹಾಸವನ್ನು ತಿಳಿಯಲು ಬೇರೆ ಸಾಕ್ಷಿಗಳನ್ನು ಹುಡುಕುವುದು ಅಗತ್ಯವಾಗುತ್ತದೆ.

ಅಂಥ ಸಾಕ್ಷಿಗಳಾಗಿ ನಾವು ಇಲ್ಲಿ ಎರಡು ಪಕ್ಷಿಗಳನ್ನು ಆರಿಸಿಕೊಂಡಿದ್ದೇವೆ. ಒಂದು, ಎರೆಭೂತ ಅಥವಾ ದೊರವಾಯನ ಹಕ್ಕಿ. ಮತ್ತೊಂದು, ಅದರ ಕಿರಿಯ ಬಂಧು. ಇದನ್ನು ಮರಾಠಿಯಲ್ಲಿ ತಣಮೋರ ಎನ್ನುತ್ತಾರೆ. ಸೌಕರ್ಯಕ್ಕಾಗಿ ನಾವೂ ಅದೇ ಹೆಸರನ್ನು ಬಳಸುತ್ತೇವೆ. ಇವೆರಡೂ ಒಂದೇ ಕುಟುಂಬಕ್ಕೆ ಸೇರಿದವು, ಒಂದೇ ಬಗೆಯ ಬಯಲನ್ನು ಆಶ್ರಯಿಸಿದವು. ಇಂದು ಎರಡೂ ಅಳಿವಿನ ಅಂಚಿನಲ್ಲಿವೆ. ಆದರೆ ಅವು ಅಳಿವಿನತ್ತ ಸಾಗಿದ ದಾರಿ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಗುರುತಿಸದೆ ಹಳೆಯ ದಾಖಲೆಗಳನ್ನು ಓದಿದರೆ ತಪ್ಪು ನಿರ್ಣಯಕ್ಕೆ ಬರುವ ಸಂಭವವುಂಟು ಎಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ.

೨. ಎರಡು ಪಕ್ಷಿಗಳ ಸ್ವರೂಪ

ಮೊದಲು ಸಾಮ್ಯವನ್ನು ನೋಡೋಣ. ಎರಡಕ್ಕೂ ಕಾಲಿನಲ್ಲಿ ಮುಂಬೆರಳುಗಳು ಮೂರೇ. ಕೊಂಬೆಯನ್ನು ಹಿಡಿದು ಕೂಡಲು ಬೇಕಾದ ಹಿಂಬೆರಳು ಇಲ್ಲ. ಆದುದರಿಂದ ಇವು ಮರದ ಮೇಲೆ ಕುಳಿತುಕೊಳ್ಳಲಾರವು. ಮೇಯುವುದು, ಮಲಗುವುದು, ಮೊಟ್ಟೆಯಿಡುವುದು ಎಲ್ಲವೂ ನೆಲದ ಮೇಲೆಯೇ. ಗೂಡೆಂಬುದು ನೆಲದ ಒಂದು ತಗ್ಗು ಮಾತ್ರ. ಮಿಡತೆ, ಜೀರುಂಡೆ, ಹಲ್ಲಿಯ ಜಾತಿಯ ಪ್ರಾಣಿಗಳು, ಕಾಳು, ಕುರುಚಲು ಗಿಡಗಳ ಹಣ್ಣು ಇವು ಆಹಾರ. ಎರಡು ಜಾತಿಗಳಲ್ಲಿಯೂ ಕಾವು ಕೊಡುವುದೂ ಮರಿಗಳನ್ನು ಸಾಕುವುದೂ ಹೆಣ್ಣಿನ ಪಾಲಿಗೆ ಬಂದ ಕೆಲಸ. ಗಂಡು ತನ್ನ ನೆಲೆಯಲ್ಲಿ ನಿಂತು ಆಟವಾಡಿ ಹೆಣ್ಣನ್ನು ಕರೆಯುವುದಷ್ಟೇ.

ಇನ್ನು ವೈಷಮ್ಯ. ಎರೆಭೂತವು ಸುಮಾರು ಒಂದು ಮೀಟರು ಎತ್ತರ ನಿಲ್ಲುವ ಭಾರಿ ಪಕ್ಷಿ. ಗಂಡಿನ ತೂಕ ೮ರಿಂದ ೧೫ ಕಿಲೋಗ್ರಾಂ. ಹಾರಬಲ್ಲ ಪಕ್ಷಿಗಳಲ್ಲಿ ಇದು ಜಗತ್ತಿನ ಅತಿ ಭಾರದವುಗಳ ಸಾಲಿನಲ್ಲಿ ನಿಲ್ಲುತ್ತದೆ. ಹೆಣ್ಣು ಅದಕ್ಕಿಂತ ಬಹಳ ಸಣ್ಣದು. ತಣಮೋರವಾದರೋ ಕೊಕ್ಕಿನಿಂದ ಬಾಲದವರೆಗೆ ಸುಮಾರು ೪೫ ಸೆಂಟಿಮೀಟರು ಉದ್ದದ, ಸಾಮಾನ್ಯವಾಗಿ ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಪಕ್ಷಿ. ಇದರಲ್ಲಿ ಹೆಣ್ಣೇ ಗಂಡಿಗಿಂತ ದೊಡ್ಡದು.

ಗಂಡಿನ ಆಟದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಎರೆಭೂತದ ಗಂಡು ಎತ್ತರವಾದ ಬಯಲ ದಿಣ್ಣೆಯಲ್ಲಿ ನಿಂತು, ಕತ್ತಿನ ಚೀಲವನ್ನು ಉಬ್ಬಿಸಿ ಜೋಲುಬಿಟ್ಟು, ಬಾಲವನ್ನು ಮೇಲೆತ್ತಿ, ಗಂಭೀರವಾದ ಹೂಂಕಾರ ಮಾಡುತ್ತದೆ. ಸುತ್ತಲಿನ ಹುಲ್ಲು ಗಿಡ್ಡವಾಗಿದ್ದರೆ ದೂರದ ಹೆಣ್ಣಿಗೆ ಅದು ಕಾಣುತ್ತದೆ. ತಣಮೋರದ ಗಂಡು ಮೊಣಕಾಲುದ್ದದ ಹುಲ್ಲಿನಲ್ಲಿ ಮರೆಯಾಗಿದ್ದು, ಥಟ್ಟನೆ ಒಂದೂವರೆ–ಎರಡು ಮೀಟರು ಮೇಲಕ್ಕೆ ನೆಗೆದು ಮತ್ತೆ ಹುಲ್ಲಿಗೆ ಬೀಳುತ್ತದೆ. ನೆಗೆದಾಗ ರೆಕ್ಕೆಗಳಿಂದ ಕಪ್ಪೆ ಕೂಗಿದಂಥ ಶಬ್ದ ಹೊಮ್ಮುತ್ತದೆ. ದಿನವೊಂದಕ್ಕೆ ಇಂಥ ನೆಗೆತಗಳು ಐನೂರನ್ನು ಮೀರುವುದುಂಟು. ಆ ಕಾಲದಲ್ಲಿ ಗಂಡಿನ ಮೈ ಕಪ್ಪಾಗಿ, ಕಿವಿಯ ಹಿಂದಿನಿಂದ ತುದಿ ಅಗಲವಾದ ನೀಳ ಗರಿಗಳು ಚಾಚಿಕೊಂಡಿರುತ್ತವೆ. ಮಳೆಗಾಲ ಕಳೆದೊಡನೆ ಆ ಅಲಂಕಾರವೆಲ್ಲ ಉದುರಿ, ಗಂಡೂ ಹೆಣ್ಣಿನಂತೆಯೇ ಕಂದುಹಳದಿಯಾಗುತ್ತದೆ.

ಸಂತಾನದ ವಿಷಯವು ನಮ್ಮ ಚರ್ಚೆಗೆ ಎಲ್ಲಕ್ಕಿಂತ ಮುಖ್ಯವಾದುದು. ಎರೆಭೂತವು ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ, ಬಹುಕಾಲ ಬಾಳುತ್ತದೆ, ಪ್ರಾಯಕ್ಕೆ ಬರಲು ಹಲವು ವರ್ಷ ತೆಗೆದುಕೊಳ್ಳುತ್ತದೆ. ತಣಮೋರವು ಮುಂಗಾರು ಹಿಡಿದು ಹುಲ್ಲು ಎದ್ದ ಬಳಿಕ ಮೂರರಿಂದ ಐದು ಮೊಟ್ಟೆಗಳನ್ನಿಡುತ್ತದೆ. ಮಳೆ ಬಾರದ ಕಡೆ ಅದು ನಿಲ್ಲುವುದಿಲ್ಲ. ಮಳೆಯಾದ ಬಯಲನ್ನರಸಿ ಹೋಗುತ್ತದೆ. ಮೊದಲನೆಯದು ನೆಲವನ್ನು ನಂಬಿದ ಪಕ್ಷಿ, ಎರಡನೆಯದು ಮಳೆಯನ್ನು ನಂಬಿದ ಪಕ್ಷಿ ಎಂದರೆ ತಪ್ಪಾಗದು.

೩. ಹೆಸರುಗಳ ಸಾಕ್ಷ್ಯ

ಈ ಭೇದವನ್ನು ನಮ್ಮ ರೈತರೂ ದನಗಾಹಿಗಳೂ ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಹೆಸರುಗಳೇ ಸಾಕ್ಷಿ. ದೊಡ್ಡ ಹಕ್ಕಿಯ ಕನ್ನಡ ಹೆಸರುಗಳಾದ ಎರೆಭೂತ, ಎರ್ಲಡ್ಡು ಇವು ‘ಎರೆ’ ಎಂಬ ಮಣ್ಣಿನ ಹೆಸರಿನಿಂದಲೇ ತೊಡಗುತ್ತವೆ. ಕಪ್ಪು ನೆಲದ ಮೇಲೆ ಮುಸ್ಸಂಜೆಯಲ್ಲಿ ಆಳೆತ್ತರದ ಆಕೃತಿಯೊಂದು ಸದ್ದಿಲ್ಲದೆ ಸರಿದುಹೋಗುವುದನ್ನು ಕಂಡವರಿಗೆ ‘ಭೂತ’ವೆಂಬ ಪದ ಸಹಜವಾಗಿ ಹೊಳೆದಿರಬೇಕು. ಮರಾಠಿಯ ‘ಮಾಳಢೋಕ’ ಎಂಬ ಹೆಸರಿನಲ್ಲಿಯೂ ಮಾಳ, ಅಂದರೆ ಬಯಲು, ಇದೆ. ಹೀಗೆ ದೊಡ್ಡ ಪಕ್ಷಿಗೆ ಎರಡು ಭಾಷೆಗಳಲ್ಲಿಯೂ ನೆಲದ ಹೆಸರೇ ಅಂಟಿಕೊಂಡಿದೆ.

ಸಣ್ಣ ಹಕ್ಕಿಯ ಹೆಸರುಗಳು ಬೇರೆ ಜಾಡಿನವು. ಮರಾಠಿಯ ‘ತಣ’ವೆಂದರೆ ಹುಲ್ಲು, ‘ಮೋರ’ವೆಂದರೆ ನವಿಲು, ಎಂದರೆ ಹುಲ್ಲುನವಿಲು. ಹಿಂದಿಯಲ್ಲಿ ಇದಕ್ಕೆ ‘ಬರಸಾತಿ’ ಎಂಬ ಹೆಸರೂ ಉಂಟು. ಮಳೆಗಾಲದ್ದು ಎಂದು ಅದರ ಅರ್ಥ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪಕ್ಷಿಗ್ರಂಥಗಳಲ್ಲಿ ಇದರ ಕನ್ನಡ ಹೆಸರನ್ನು ‘ಕನ್ನೌಲ್’ ಎಂಬಂತೆ ಬರೆದಿದ್ದಾರೆ. ಆಡುಮಾತಿನಲ್ಲಿ ನವಿಲನ್ನು ನೌಲು ಎನ್ನುವ ರೂಢಿಯಿರುವುದರಿಂದ, ಈ ಹೆಸರಿನ ಉತ್ತರಪದವೂ ನವಿಲೇ ಆಗಿರಬೇಕೆಂದು ನಾವು ಊಹಿಸುತ್ತೇವೆ. ಈ ಊಹೆ ಸರಿಯಾಗಿದ್ದರೆ, ಕುಣಿಯುವ ಗಂಡನ್ನು ಕಂಡೇ ಕನ್ನಡಿಗರೂ ಮರಾಠಿಗರೂ ಒಂದೇ ಬಗೆಯ ಹೆಸರಿಟ್ಟರೆನ್ನಬೇಕು.

ವಿದ್ವಾಂಸರು ಮಾತ್ರ ಈ ಪಕ್ಷಿಯ ವಿಷಯದಲ್ಲಿ ಕೆಲಕಾಲ ದಾರಿತಪ್ಪಿದರು. ೧೭೯೦ರಲ್ಲಿ ಲೇಥಮ್ಮರು ಕಿವಿಗರಿಯ ಕಪ್ಪು ಪಕ್ಷಿಗೆ ‘ಕಿವಿಯುಳ್ಳದ್ದು’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟರು. ೧೮೩೨ರಲ್ಲಿ ದಖ್ಖನಿನ ಪಕ್ಷಿಗಳ ಪಟ್ಟಿಯನ್ನು ಪ್ರಕಟಿಸಿದ ಸೈಕ್ಸ್ ಎಂಬ ಸೇನಾಧಿಕಾರಿಗಳು ಕಂದುಹಳದಿಯ ಪಕ್ಷಿಯನ್ನು ಬೇರೊಂದು ಜಾತಿಯೆಂದೇ ಬಗೆದು ಬೇರೆ ಹೆಸರು ಕೊಟ್ಟರು. ಋತುವಿಗೆ ತಕ್ಕಂತೆ ಬಣ್ಣ ಬದಲಿಸುವ ಒಂದೇ ಪಕ್ಷಿ ಇದೆಂಬುದು ಆಮೇಲೆ ನಿಶ್ಚಿತವಾಯಿತು. ೧೭೮೨ರಲ್ಲಿ ಮಿಲ್ಲರ್ ಎಂಬುವರು ಕೊಟ್ಟ ಹೆಸರು ಇವೆಲ್ಲಕ್ಕಿಂತ ಹಳೆಯದಾದುದರಿಂದ ಇಂದು ಅದೇ ಚಲಾವಣೆಯಲ್ಲಿದೆ. ಒಬ್ಬನೇ ಅರಸನ ಎರಡು ಬಿರುದುಗಳನ್ನು ಇಬ್ಬರು ಅರಸರೆಂದು ಭ್ರಮಿಸಿದ ಪ್ರಸಂಗಗಳು ಶಾಸನಶಾಸ್ತ್ರದಲ್ಲಿಯೂ ಇಲ್ಲದಿಲ್ಲ.

ನಮ್ಮ ಸೀಮೆಯ ಮಟ್ಟಿಗೆ ಇಲ್ಲಿ ಸ್ಮರಿಸಬೇಕಾದವರು ವಾಲ್ಟರ್ ಎಲಿಯಟ್ಟರು. ೧೮೨೪ರ ಕಿತ್ತೂರಿನ ಕದನದಲ್ಲಿ ಥ್ಯಾಕರೆಯು ಹತನಾದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಇವರೊಬ್ಬರು. ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿದ ಮೊದಲಿಗರಲ್ಲೊಬ್ಬರೆಂದು ಇವರನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದೇ ಎಲಿಯಟ್ಟರು ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಲ್ಪಡುತ್ತಿದ್ದ ಈ ನಾಡಿನ ಮೃಗಗಳ ಪಟ್ಟಿಯನ್ನು ೧೮೩೯ರಲ್ಲಿ ಮದ್ರಾಸಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ಕೃಷ್ಣಮೃಗಕ್ಕೆ ನಮ್ಮ ಜನ ಹೇಳುವ ‘ಚಿಗರಿ’ ಎಂಬ ಹೆಸರನ್ನು ಅದರಲ್ಲಿ ದಾಖಲಿಸಿದರು. ಅವರ ಪಕ್ಷಿಸಂಬಂಧವಾದ ಟಿಪ್ಪಣಿಗಳು ವೈದ್ಯರಾಗಿದ್ದ ಜೆರ್ಡನ್ನರಿಗೆ ನೆರವಾದವು. ಜೆರ್ಡನ್ನರ ಭಾರತೀಯ ಪಕ್ಷಿಗಳ ಗ್ರಂಥವು ೧೮೬೨–೬೪ರಲ್ಲಿ ಹೊರಬಂದಿತು. ಶಾಸನವನ್ನೂ ಹಕ್ಕಿಯನ್ನೂ ಒಂದೇ ಆಸಕ್ತಿಯಿಂದ ನೋಡುತ್ತಿದ್ದ ಆ ಕಾಲದ ದೃಷ್ಟಿಯು ನಮ್ಮಲ್ಲಿ ಕ್ರಮೇಣ ಬೇರೆಬೇರೆ ವಿಭಾಗಗಳಿಗೆ ಹಂಚಿಹೋಯಿತೆಂಬುದು ವಿಷಾದಕರ.

೪. ಬೇಟೆ, ಹತ್ತಿ, ಮೋಜಣಿ

ಈ ಪಕ್ಷಿಗಳು ಕಡಿಮೆಯಾದುದಕ್ಕೆ ಬೇಟೆಯೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ೧೮೦೯ರಿಂದ ೧೮೨೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬ ಬೇಟೆಗಾರನೇ ಅಹಮದನಗರ ಜಿಲ್ಲೆಯಲ್ಲಿ ೯೬೧ ಎರೆಭೂತಗಳನ್ನು ಹೊಡೆದನೆಂದು ದಾಖಲೆಯಿದೆ. ತಣಮೋರದ ಬೇಟೆ ಇನ್ನೊಂದು ಬಗೆಯದು. ಹುಲ್ಲಿನಲ್ಲಿ ಅಡಗಿದ ಈ ಪಕ್ಷಿಯನ್ನು ಬೇರೆ ದಿನಗಳಲ್ಲಿ ಕಾಣುವುದೇ ಕಷ್ಟ. ಆದರೆ ಮಳೆಗಾಲದಲ್ಲಿ ಗಂಡು ನಿಂತಲ್ಲೇ ನೆಗೆನೆಗೆದು ತನ್ನ ತಾಣವನ್ನು ತಾನೇ ತೋರಿಸಿಕೊಡುತ್ತದೆ. ಸಂತಾನದ ಕಾಲವೇ ಬಂದೂಕಿನ ಕಾಲವೂ ಆಯಿತು.

ಕಾನೂನು ಇದನ್ನು ಗಮನಿಸದೆ ಇರಲಿಲ್ಲ. ೧೯೧೨ರ ವನ್ಯಪಕ್ಷಿ ಮತ್ತು ಮೃಗ ಸಂರಕ್ಷಣಾ ಕಾಯಿದೆಯ ಅನುಸೂಚಿಯಲ್ಲಿ ಈ ಎರಡೂ ಬಗೆಯ ಪಕ್ಷಿಗಳ ಹೆಸರುಗಳಿದ್ದವು. ಪ್ರಾಂತ ಸರಕಾರಗಳು ಬೇಟೆ ನಿಷೇಧದ ಕಾಲವನ್ನು ಗೊತ್ತುಪಡಿಸಬಹುದಾಗಿದ್ದಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಎರಡನ್ನೂ ಮೊದಲನೆಯ ಅನುಸೂಚಿಯಲ್ಲಿರಿಸಿತು. ಆದರೂ ಅವು ಚೇತರಿಸಿಕೊಳ್ಳಲಿಲ್ಲ. ಬಂದೂಕು ಸುಮ್ಮನಾದ ಮೇಲೂ ಇಳಿತ ನಿಲ್ಲಲಿಲ್ಲವೆಂದರೆ ಕಾರಣವನ್ನು ನೆಲದಲ್ಲಿ ಹುಡುಕಬೇಕಾಗುತ್ತದೆ.

ಧಾರವಾಡ ಸೀಮೆಯ ನೆಲದ ಇತಿಹಾಸದಲ್ಲಿ ೧೮೪೦ರ ದಶಕವು ಒಂದು ತಿರುವು. ವಿಂಗೇಟ್ ಅವರ ಮೇಲ್ವಿಚಾರಣೆಯಲ್ಲಿ ಹೊಲಹೊಲವನ್ನೂ ಅಳೆದು, ಮಣ್ಣಿನ ತರಗತಿ ನಿರ್ಧರಿಸಿ, ಮೂವತ್ತು ವರ್ಷಗಳ ಅವಧಿಗೆ ಕಂದಾಯ ಗೊತ್ತುಮಾಡುವ ಮೋಜಣಿ ನಡೆಯಿತು. ರೈತನ ಮೇಲಿನ ಭಾರ ಹಗುರಾಗಿ ಬೀಳುಭೂಮಿಯು ಸಾಗುವಳಿಗೆ ಬರಬೇಕೆಂಬುದು ಅದರ ಉದ್ದೇಶಗಳಲ್ಲೊಂದಾಗಿದ್ದಿತು. ಅದೇ ದಶಕದಲ್ಲಿ ಅಮೆರಿಕದ ಹತ್ತಿಯ ಬೀಜವನ್ನು ಧಾರವಾಡದ ಎರೆಯಲ್ಲಿ ಬೆಳೆಸುವ ಪ್ರಯತ್ನಗಳು ನಡೆದವು. ೧೮೬೧–೬೫ರ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ ಧಾರವಾಡದ ಹತ್ತಿಗೆ ಬೇಡಿಕೆ ಹೆಚ್ಚಿತು. ಸರಕಾರಕ್ಕೆ ಇದು ಪ್ರಗತಿ. ರೈತನಿಗೂ ಕೆಲಮಟ್ಟಿಗೆ ಲಾಭ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕಪತ್ರದಲ್ಲಿ ‘ಬೀಳು’ ಎಂದು ಬರೆಯಲ್ಪಟ್ಟುದು ಬೀಳಾಗಿರಲಿಲ್ಲ. ಕುರುಬನ ಕುರಿಗೆ, ಊರ ದನಕ್ಕೆ, ಚಿಗರಿಯ ಹಿಂಡಿಗೆ, ಈ ಎರಡು ಪಕ್ಷಿಗಳಿಗೆ ಅದು ತುಂಬಿದ ನೆಲವೇ ಆಗಿದ್ದಿತು.

ಇಲ್ಲಿಯೂ ಎರಡರ ಗತಿ ಒಂದೇ ಆಗಲಿಲ್ಲ. ಉಳುಮೆ ಹರಡಿ ಮೇವಿನ ನೆಲ ಕಿರಿದಾದಂತೆ, ಉಳಿದ ಹುಲ್ಲಿನ ಮೇಲೆ ದನಗಳ ಒತ್ತಡ ಹೆಚ್ಚುತ್ತದೆ. ಹುಲ್ಲು ನೆಲಕ್ಕಂಟಿದರೆ ತಣಮೋರಕ್ಕೆ ಮರೆಯೂ ಇಲ್ಲ, ನೆಗೆದು ಬೀಳಲು ತಾಣವೂ ಇಲ್ಲ. ಎರೆಭೂತಕ್ಕೆ ಮಿತವಾಗಿ ಮೇಯಿಸಿದ ಗಿಡ್ಡಹುಲ್ಲು ಬಾಧಕವಲ್ಲ. ಬಿತ್ತಿದ ಹೊಲವೂ ಅದಕ್ಕೆ ಮೇಯಲು ಆಗುತ್ತದೆ. ಅದಕ್ಕೆ ಬೇಕಾದುದು ವಿಸ್ತಾರ ಮತ್ತು ನಿರ್ಭಯ. ಆದುದರಿಂದ ಹುಲ್ಲಿನ ಎತ್ತರ ಕುಗ್ಗಿದುದನ್ನು ಮೊದಲು ಹೇಳುವ ಸಾಕ್ಷಿ ತಣಮೋರ. ಬಯಲು ತುಂಡುತುಂಡಾದುದನ್ನು ಹೇಳುವ ಸಾಕ್ಷಿ ಎರೆಭೂತ.

೫. ರಾಣೇಬೆನ್ನೂರಿನ ಪಾಠ

ಬೀಳೆಂಬ ಶಬ್ದದ ಪರಿಣಾಮ ಸ್ವಾತಂತ್ರ್ಯಾನಂತರವೂ ನಿಲ್ಲಲಿಲ್ಲ; ಬೇರೊಂದು ರೂಪವನ್ನು ತಾಳಿತು. ಮರವಿಲ್ಲದ ನೆಲವೆಂದರೆ ಹಾಳಾದ ಕಾಡು, ಅದನ್ನು ಮರ ನೆಟ್ಟು ಸರಿಪಡಿಸಬೇಕು ಎಂಬ ಭಾವನೆ ಬಲವಾಯಿತು. ರಾಣೇಬೆನ್ನೂರಿನ ಬಯಲುಗಳಲ್ಲಿ ನೀಲಗಿರಿ ಗಿಡಗಳನ್ನು ವಿಸ್ತಾರವಾಗಿ ನೆಡಲಾಯಿತು. ೧೯೭೪ರಲ್ಲಿ ಅಲ್ಲಿಯ ೧೧೯ ಚದರ ಕಿಲೋಮೀಟರು ಪ್ರದೇಶವು ಕೃಷ್ಣಮೃಗಗಳ ಅಭಯಾರಣ್ಯವೆಂದು ಘೋಷಿಸಲ್ಪಟ್ಟಿತು. ಎರೆಭೂತಗಳೂ ಆಗ ಅಲ್ಲಿದ್ದವು. ಈ ನೆಡುತೋಪುಗಳ ಪರಿಣಾಮವನ್ನು ಕುರಿತು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಲೇಖನ ಬರೆದಿದ್ದಾರೆ.

ಗಿಡಗಳು ಎಳೆಯವಾಗಿದ್ದಷ್ಟು ಕಾಲ ಹಾನಿ ಕಾಣಿಸಲಿಲ್ಲ. ದನಗಳಿಗೆ ಪ್ರವೇಶವಿಲ್ಲದೆ ಹುಲ್ಲು ಬೆಳೆಯಿತು. ಕಾವಲುಗಾರರಿದ್ದುದರಿಂದ ಬೇಟೆ ತಗ್ಗಿತು. ಚಿಗರಿಯ ಸಂತತಿ ಹೆಚ್ಚಿತು. ಆದರೆ ಗಿಡ ಮರವಾದಂತೆ ದೃಷ್ಟಿಗೆ ಗೋಡೆ ಕಟ್ಟಿದಂತಾಯಿತು. ಹಿಂಬೆರಳಿಲ್ಲದ ಪಕ್ಷಿಗೆ ಮರದಿಂದ ಏನು ಪ್ರಯೋಜನ? ಚಿಗರಿಯು ತೋಪಿನಲ್ಲಿ ಅವಿತು ಹೊಲದಲ್ಲಿ ಮೇಯಬಲ್ಲುದು. ಎರೆಭೂತವು ಹಾಗೆ ಬಾಳಲಾರದು. ಇಂದು ರಾಣೇಬೆನ್ನೂರಿನಲ್ಲಿ ಚಿಗರಿಗಳು ಸಮೃದ್ಧವಾಗಿವೆ, ಎರೆಭೂತ ನೆಲೆನಿಂತಿಲ್ಲ. ಒಂದೇ ಬೇಲಿಯೊಳಗೆ, ಒಂದೇ ಕಾನೂನಿನ ಕೆಳಗೆ, ಒಂದು ಪ್ರಾಣಿ ಉಳಿದು ಇನ್ನೊಂದು ಅಳಿಯಿತು.

ಇದಕ್ಕೆ ಪ್ರತಿಯಾಗಿ ಶಿಗ್ಗಾಂವಿ ತಾಲೂಕಿನಲ್ಲಿಯೇ ಇರುವ ಬಂಕಾಪುರವನ್ನು ನೋಡಬಹುದು. ಅಲ್ಲಿಯ ಕೋಟೆಯ ಆವರಣದಲ್ಲಿ ೨೦೦೬ರಲ್ಲಿ ನವಿಲುಧಾಮವಾಯಿತು. ನವಿಲೂ ನೆಲದಲ್ಲಿ ಮೇಯುವ ಪಕ್ಷಿಯೇ. ಆದರೆ ರಾತ್ರಿ ಮರವೇರಿ ಕೂರುತ್ತದೆ. ಮರ ನೆಟ್ಟರೆ ಅದಕ್ಕೆ ಲಾಭ. ೧೯೬೩ರಲ್ಲಿ ರಾಷ್ಟ್ರಪಕ್ಷಿಯ ಆಯ್ಕೆಯಾದಾಗ ಸಾಲಿಂ ಅಲಿಯವರು ಎರೆಭೂತದ ಹೆಸರನ್ನು ಸೂಚಿಸಿದ್ದರು. ಮನ್ನಣೆ ದೊರೆತುದು ನವಿಲಿಗೆ. ನವಿಲಿನ ಮೇಲೆ ನಮಗೇನೂ ಅಸಮಾಧಾನವಿಲ್ಲ. ಆದರೆ ಹೆಚ್ಚು ಆಸರೆ ಬೇಕಾಗಿದ್ದ ಪಕ್ಷಿ ಯಾವುದೆಂಬುದು ಕಾಲಾನಂತರದಲ್ಲಿ ತಿಳಿದುಬಂದಿದೆ.

೬. ಎಣಿಕೆಗಳ ಅರ್ಥ

ಈಗ ದೇಶದ ಒಟ್ಟು ಅಂದಾಜುಗಳನ್ನು ಅಕ್ಕಪಕ್ಕದಲ್ಲಿಡೋಣ. ಎರೆಭೂತಗಳು ೧೯೬೯ರಲ್ಲಿ ಸುಮಾರು ೧೨೬೦, ೧೯೭೮ರಲ್ಲಿ ೭೪೫, ೨೦೦೧ರಲ್ಲಿ ೬೦೦, ೨೦೦೮ರಲ್ಲಿ ೩೦೦. ೨೦೧೮ರ ವೇಳೆಗೆ ೧೫೦ಕ್ಕೂ ಕಡಿಮೆ. ತಣಮೋರಗಳು ೧೯೮೨ರಲ್ಲಿ ೪೩೭೪, ೧೯೮೯ರಲ್ಲಿ ೧೬೭೨, ೧೯೯೪ರಲ್ಲಿ ೨೨೦೬, ೧೯೯೯ರಲ್ಲಿ ೩೫೩೦. ೨೦೧೭–೧೮ರಲ್ಲಿ ೭೦೦ಕ್ಕೂ ಕಡಿಮೆ.

ಮೊದಲನೆಯ ಸಾಲು ಇಳಿಯುತ್ತಲೇ ಹೋಗಿದೆ; ಎರಡನೆಯದು ಇಳಿದು, ಏರಿ, ಮತ್ತೆ ಕುಸಿದಿದೆ. ೧೯೮೦ರ ದಶಕದ ಬರಗಳಲ್ಲಿ ತಣಮೋರ ಕುಗ್ಗಿತು. ಮಳೆ ಕೂಡಿಬಂದ ವರ್ಷಗಳಲ್ಲಿ ಮೂರು ನಾಲ್ಕು ಮೊಟ್ಟೆಗಳ ಬಲದಿಂದ ಚೇತರಿಸಿಕೊಂಡಿತು. ಒಂದೇ ಮೊಟ್ಟೆಯ ಎರೆಭೂತಕ್ಕೆ ಆ ಅವಕಾಶವಿಲ್ಲ. ಅದರಲ್ಲಿಯೂ ಇತ್ತೀಚಿನ ದಶಕಗಳಲ್ಲಿ ಬಯಲನ್ನು ಅಡ್ಡಹಾಯುವ ವಿದ್ಯುತ್ ತಂತಿಗಳು ಹೊಸ ಮೃತ್ಯುವಾಗಿವೆ; ಭಾರವಾದ ದೇಹ, ನೇರ ಮುಂದಕ್ಕೆ ಚೆನ್ನಾಗಿ ಕಾಣದ ಕಣ್ಣು, ಇವುಗಳಿಂದಾಗಿ ಅದು ತಂತಿಗೆ ಬಡಿದು ಸಾಯುತ್ತದೆ. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ವಿಷಯದಲ್ಲಿ ಆದೇಶ ಕೊಡಬೇಕಾಯಿತು. ಉಳಿದಿರುವ ಪಕ್ಷಿಗಳಲ್ಲಿ ಹೆಚ್ಚಿನವು ರಾಜಸ್ಥಾನದ ಮರುಭೂಮಿಯಲ್ಲಿವೆ. ಅಲ್ಲಿ ೨೦೧೯ರಿಂದ ಮೊಟ್ಟೆಗಳನ್ನು ಸಂಗ್ರಹಿಸಿ ಮರಿಮಾಡಿಸುವ ಕಾರ್ಯ ನಡೆದಿದೆ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳು ಇದರ ಕೊನೆಯ ಆಶ್ರಯಗಳಲ್ಲೊಂದೆಂದು ಹೆಸರಾಗಿವೆ.

ಇವುಗಳಿಂದ ದಾಖಲೆಗಳನ್ನು ಓದುವ ಎರಡು ಸೂತ್ರಗಳು ದೊರೆಯುತ್ತವೆ. ತಣಮೋರವು ಒಂದು ವರ್ಷ ಒಂದೆಡೆ ಕಾಣಲಿಲ್ಲವೆಂದರೆ ಅದು ಅಲ್ಲಿ ಅಳಿಯಿತೆಂದು ಹೇಳಲಾಗದು. ಮಳೆ ಬೇರೆಡೆಗೆ ಕರೆದಿರಬಹುದು. ಎರೆಭೂತವು ಒಂದೆಡೆ ಕಂಡಿತೆಂದರೆ ಅದು ಅಲ್ಲಿ ಕ್ಷೇಮವಾಗಿದೆಯೆಂದೂ ಹೇಳಲಾಗದು. ಮರಿಗಳಿಲ್ಲದ ಮುದಿ ಹಕ್ಕಿಗಳೇ ಹಲವು ವರ್ಷ ಸುಳಿದಾಡುತ್ತಿರಬಹುದು. ಒಂದರ ಅಭಾವವೂ ಇನ್ನೊಂದರ ಸದ್ಭಾವವೂ ಸಮಾನವಾಗಿ ಮೋಸಗೊಳಿಸಬಲ್ಲವು. ಬೇಟೆಗಾರರ ಟಿಪ್ಪಣಿಗಳನ್ನಾಗಲಿ ವೃದ್ಧರ ನೆನಪನ್ನಾಗಲಿ ಆಧಾರವಾಗಿಟ್ಟುಕೊಳ್ಳುವವರು ಇದನ್ನು ಮರೆಯಬಾರದು.

೭. ಸಮಾರೋಪ

ಹಿರೇಬೆಂಡಿಗೇರಿಯಿಂದ ಸವಣೂರಿನತ್ತ ಇಂದು ಹೊರಟವರಿಗೆ ಗೋವಿನಜೋಳ, ಹತ್ತಿಗಳ ಹೊಲಗಳು ಒಂದಕ್ಕೊಂದು ಒತ್ತಿಕೊಂಡಿರುವುದು ಕಾಣುತ್ತದೆ. ಆ ಬೆಳೆಗಳನ್ನು ಬೆಳೆಯುವವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅನ್ನಕ್ಕಾಗಿ ಉತ್ತವರು ತಪ್ಪಿತಸ್ಥರಲ್ಲ. ಆದರೆ ಊರೂರಿನ ಗೋಮಾಳ, ಹುಲ್ಲುಗಾವಲುಗಳಲ್ಲಿ ಇನ್ನೂ ಉಳಿದಿರುವ ತುಂಡುಗಳನ್ನು ‘ಉಪಯೋಗವಿಲ್ಲದ ನೆಲ’ವೆಂದು ಕರೆಯುವ ರೂಢಿಯನ್ನು ಚರಿತ್ರೆಯ ವಿದ್ಯಾರ್ಥಿಗಳಾದ ನಾವಾದರೂ ಬಿಡಬೇಕು. ಆ ಶಬ್ದಕ್ಕೆ ಒಂದು ಚರಿತ್ರೆಯಿದೆ. ಅದು ಕಂದಾಯದ ಲೆಕ್ಕದಲ್ಲಿ ಬಲಗೊಂಡಿತು, ನೇಗಿಲಿಗೂ ನೀಲಗಿರಿಗೂ ದಾರಿ ಮಾಡಿತು.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಂತಮ್ಮ ಊರಿನ ಮೋಜಣಿಯ ದಾಖಲೆಗಳಿಂದ ಹುಲ್ಲಿನ ನೆಲವೆಷ್ಟಿತ್ತು, ಅದು ಯಾವಾಗ ಏನಾಯಿತು ಎಂಬುದನ್ನು ಸಂಗ್ರಹಿಸಬಹುದು. ಕುರಿ ಕಾಯುವ ಹಿರಿಯರಿಂದ ಈ ಹಕ್ಕಿಗಳ ಹೆಸರುಗಳನ್ನು ಕೇಳಿ ಬರೆದಿಡಬಹುದು. ಹಕ್ಕಿ ಹೋದ ಮೇಲೆ ಹೆಸರು ಒಂದು ತಲೆಮಾರು ಉಳಿಯುತ್ತದೆ. ಆಮೇಲೆ ಅದೂ ಹೋಗುತ್ತದೆ. ಎರೆಯು ಇನ್ನೂ ಇದೆ. ಅದರ ಭೂತವನ್ನು ಕಂಡವರು ಬದುಕಿರುವಾಗಲೇ ಈ ಕೆಲಸ ನಡೆಯುವುದು ಲೇಸು.